ಮಿಲಿಟರಿ ರಿವಾಲ್ವರ್ ಅಂತಾರೆ: ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು?

ಸಕಲೇಶಪುರ, ಮೂಡಿಗೆರೆ ಕಡೆಯ ಹಳೇ ತೋಟದ ಮನೆಗಳಲ್ಲಿ ಬೀರು ತೆಗೆದರೆ ಕೋವಿ ಕಾಣುವುದು ಹೊಸದೇನಲ್ಲ. ಕೆಲವು ಮನೆಗಳಲ್ಲಿ ಕೋವಿಯ ಜೊತೆ ಒಂದು ರಿವಾಲ್ವರ್ ಕೂಡ ಇರುತ್ತದೆ. "ದೊರೆಗಳ ಕಾಲದ್ದು, ಮಿಲಿಟರಿದು" ಅಂತ ಮನೆಯವರು ಹೇಳುತ್ತಾರೆ. ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಬೆಂಗಳೂರು ಬಿಟ್ಟು ಬರುವುದಿಲ್ಲ. ಆಗ ಅದು ಮಾರಾಟಕ್ಕೆ ಬರುತ್ತದೆ.

ನಾಲ್ಕು ವರ್ಷದ ಹಿಂದೆ ನನ್ನ ಸೋದರಮಾವ ಇಂಥದ್ದೊಂದಕ್ಕೆ ಅಡ್ವಾನ್ಸ್ ಕೊಟ್ಟು ಬಂದರು. "ವೆಬ್ಲಿ ಕಣೋ, ಮಹಾಯುದ್ಧದಲ್ಲಿ ಇದ್ದಿದ್ದಂತೆ" ಅಂದರು. ವೆಬ್ಲಿ ಅಂದರೆ ಇಂಗ್ಲೆಂಡಿನ ಒಂದು ರಿವಾಲ್ವರ್ ಕಂಪನಿ. "ಬೋರ್ ಎಷ್ಟು ಮಾವ?" ಅಂತ ಕೇಳಿದೆ. "ಮೂವತ್ತೆರಡು" ಅಂದರು. ಬೋರ್ ಅಂದರೆ ನಳಿಗೆಯ ಒಳಗಿನ ಅಗಲ, ಇಂಚಿನ ಲೆಕ್ಕದಲ್ಲಿ; ಮೂವತ್ತೆರಡು ಅಂದರೆ .32. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಯುದ್ಧದ ಹೆಸರಿಗೆ ಅಂತ ಅವರು ಜಾಸ್ತಿ ಬೆಲೆಗೆ ಒಪ್ಪಿಕೊಂಡಿದ್ದರು. ಆ ಹೆಸರು ಆ ರಿವಾಲ್ವರಿಗೆ ಸೇರಿದ್ದೇ ಅಲ್ಲ.

ಮೊದಲು ಬೋರ್ ಕೇಳಿ

ಬ್ರಿಟಿಷ್ ಸೇನೆ 1887ರಲ್ಲಿ ವೆಬ್ಲಿ ರಿವಾಲ್ವರನ್ನು ಒಪ್ಪಿಕೊಂಡಿತು. ಅದರ ಬೋರ್ .455. 1915ರಲ್ಲಿ ಬಂದ ಮಾರ್ಕ್ 6, ಆರಿಂಚು ನಳಿಗೆಯ, ಕೆಜಿಗೂ ಜಾಸ್ತಿ ತೂಗುವ ಆ ಭಾರಿ ರಿವಾಲ್ವರ್ ಕೂಡ ಅದೇ ಬೋರ್. 1932ರಲ್ಲಿ ಅಲ್ಲಿನ ಸರ್ಕಾರಿ ಕಾರ್ಖಾನೆಯ ಎನ್‌ಫೀಲ್ಡ್ ನಂಬರ್ 2 ರಿವಾಲ್ವರ್ ಬಂದಾಗ .38ಕ್ಕೆ ಇಳಿದರು. ಎರಡನೇ ಮಹಾಯುದ್ಧದಲ್ಲಿ ಎನ್‌ಫೀಲ್ಡ್ ಸಾಲದೆ ವೆಬ್ಲಿ ಮಾರ್ಕ್ 4 ತಗೊಂಡರು. ಅಮೆರಿಕದಿಂದ ಸ್ಮಿತ್ ಅಂಡ್ ವೆಸನ್ ಕಂಪನಿಯ 'ವಿಕ್ಟರಿ' ಮಾದರಿ ತರಿಸಿದರು. ಅವೂ .38.

ಈಗ ನಮ್ಮ ಕಾನೂನು ನೋಡಿ. .380 (ಮೇಲೆ ಹೇಳಿದ ಸೇನೆಯ .38 ಇದೇ) ಮತ್ತು .455 ಗುಂಡು ಹಾರಿಸುವ ರಿವಾಲ್ವರ್‌ಗಳು ನಿಷೇಧಿತ ಬೋರಿನ ಪಟ್ಟಿಯಲ್ಲಿವೆ. ಹಾಸನದ್ದಾಗಲಿ ಚಿಕ್ಕಮಗಳೂರಿನದ್ದಾಗಲಿ, ಡಿಸಿ ಆಫೀಸಿನ ಸಾಮಾನ್ಯ ಲೈಸೆನ್ಸಿನಲ್ಲಿ ಅವನ್ನು ಕೊಳ್ಳುವ ಹಾಗಿಲ್ಲ. ಅದಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಸಾಮಾನ್ಯ ಲೈಸೆನ್ಸಿನವರ ಹತ್ತಿರ ಹೆಚ್ಚಾಗಿ ಇರುವುದು .32.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ನಿಜವಾಗಿಯೂ ಆ ಸೇನೆ ಕೊಟ್ಟ ರಿವಾಲ್ವರ್ ಆಗಿದ್ದರೆ ಅದು ನಿಮ್ಮ ಲೈಸೆನ್ಸಿಗೆ ಬರುವುದಿಲ್ಲ. ನಿಮ್ಮ ಲೈಸೆನ್ಸಿಗೆ ಬರುವ .32 ಆಗಿದ್ದರೆ ಅದು ಸೇನೆ ಹಂಚಿದ್ದಲ್ಲ. ವೆಬ್ಲಿ ಕಂಪನಿಯೇ .32 ಬೋರಿನಲ್ಲೂ ರಿವಾಲ್ವರ್ ಮಾಡಿ ಪೊಲೀಸರಿಗೆ, ಸಾರ್ವಜನಿಕರಿಗೆ ಮಾರಿದೆ. ಒಳ್ಳೆಯ ಮಾಲು, ಸುಳ್ಳಲ್ಲ. ಹೊರದೇಶದ ಆಯುಧ ತರಿಸುವುದು 1980ರ ದಶಕದಿಂದ ಹೆಚ್ಚುಕಮ್ಮಿ ನಿಂತುಹೋಗಿರುವುದರಿಂದ ಇಲ್ಲಿ ಅದಕ್ಕೆ ಬೆಲೆಯೂ ಇದೆ. ಆದರೆ ಆ ಬೆಲೆ ಬಂದಿರುವುದು ಕೊರತೆಯಿಂದ. ಯುದ್ಧದ ಕಥೆಗೆ ಅಂತ ಮೇಲೆ ಒಂದು ರೂಪಾಯಿಯೂ ಕೊಡಬೇಡಿ.

ಇನ್ನೊಂದು ವಿಷಯ. ಕಾನ್ಪುರದ ಸರ್ಕಾರಿ ಕಾರ್ಖಾನೆ ಮಾಡುವ .32 ರಿವಾಲ್ವರಿಗೆ ವೆಬ್ಲಿ ಮಾರ್ಕ್ 4 ವಿನ್ಯಾಸವೇ ಮೂಲ. ದೂರದಿಂದ ನೋಡಿದರೆ ಅಣ್ಣ ತಮ್ಮ ಇದ್ದ ಹಾಗೆ. ಹೆಸರು ಓದದೆ ವೆಬ್ಲಿ ಅಂತ ನಂಬಬೇಡಿ.

ಶೋಕೇಸಿಗೆ ಬೇಕು ಅನ್ನುವವರಿಗೆ

"ನನಗೆ ಹೊಡೆಯೋಕೆ ಬೇಡ, ಗೋಡೆಗೆ ಹಾಕೋಕೆ ಬೇಕು" ಅನ್ನುವವರೂ ಇದ್ದಾರೆ. 1959ರ ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ಹಳೇ ಮಾದರಿಯ, ಪುರಾತನ ಬೆಲೆಯ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಇದೆ. ಆದರೆ ಶರತ್ತು ಬಿಗಿ. ಹಾಗೇ ಬಳಸಲೂ ಆಗಬಾರದು, ರಿಪೇರಿ ಮಾಡಿದರೂ ಬಳಸಲು ಆಗಬಾರದು. ನಳಿಗೆಗೆ ಸೀಸ ಸುರಿದಿದ್ದಾರೆ ಅಂದರೆ ಸಾಲದು. ಸೀಸ ಕರಗಿಸಿದರೆ ಹೋಗುತ್ತದೆ ಅಲ್ವಾ? "ಆಂಟಿಕ್ ಸಾರ್, ಲೈಸೆನ್ಸ್ ಬೇಡ" ಅನ್ನುವ ಮಾತು ಕೇಳಿ ಮನೆಗೆ ತರಬೇಡಿ. ಡಿಸಿ ಆಫೀಸಿನಿಂದ ಬರಹದಲ್ಲಿ ಉತ್ತರ ತಗೊಳ್ಳಿ.

ಕೈಗೆ ತಗೊಂಡ ಮೇಲೆ

ಲೈಸೆನ್ಸುದಾರರ ಎದುರಿಗೇ ನೋಡಿ. ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಾದರೆ ಇನ್ನೂ ಒಳ್ಳೆಯದು. ಮೊದಲು ಅವರಿಂದಲೇ ತೆರೆಸಿ. ವೆಬ್ಲಿ, ಎನ್‌ಫೀಲ್ಡ್ ಎರಡರಲ್ಲೂ ಎಡಗಡೆ ಹೆಬ್ಬೆರಳಿಗೆ ಸಿಗುವ ಪಟ್ಟಿ ಒತ್ತಿದರೆ ನಳಿಗೆ ಮುಂದಕ್ಕೆ ಬಗ್ಗುತ್ತದೆ, ಖಾಲಿ ತೋಟಾಗಳು ತಾವೇ ಮೇಲೇಳುತ್ತವೆ. ಸಿಲಿಂಡರಿನ, ಅಂದರೆ ಗುಂಡು ತುಂಬುವ ಉರುಳೆಯ, ಆರೂ ತೂತು ಖಾಲಿ ಇವೆಯಾ ಅಂತ ಬೆರಳಿಟ್ಟು ನೋಡಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ.

ಈಗ ಮುಚ್ಚಿ, ಹಿಡಿಯನ್ನು ಒಂದು ಕೈಯಲ್ಲಿ, ನಳಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಹಳೇ ಬಾಗಿಲ ಕೀಲಿನ ಹಾಗೆ ಲೊಟಲೊಟ ಅಂದರೆ ಕೀಲು ಸವೆದಿದೆ. ಮಧ್ಯದಲ್ಲಿ ಬಗ್ಗುವ ರಿವಾಲ್ವರ್‌ಗಳ ದೊಡ್ಡ ಕಾಯಿಲೆ ಇದು. ಸರಿಮಾಡುವ ಕೈ ಸಿಗುವುದು ಕಷ್ಟ. ಆಮೇಲೆ ಹ್ಯಾಮರ್, ಅಂದರೆ ಹಿಂದೆ ಇರುವ ಗುಂಡಿಗೆ ಬಡಿಯುವ ಸುತ್ತಿಗೆ, ಹಿಂದಕ್ಕೆಳೆದು ಸಿಲಿಂಡರನ್ನು ಅಕ್ಕಪಕ್ಕ ತಿರುಗಿಸಿ ನೋಡಿ. ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ. ಜಾಸ್ತಿ ಆಡಿದರೆ ಗುಂಡು ನಳಿಗೆಗೆ ನೇರವಾಗಿ ಹೋಗುವುದಿಲ್ಲ. ಹ್ಯಾಮರನ್ನು ಹೆಬ್ಬೆರಳಲ್ಲಿ ಹಿಡಿದೇ ಇಳಿಸಿ. ಸುಮ್ನೆ ಟಕ್ ಟಕ್ ಅಂತ ಖಾಲಿ ಹೊಡೆಯಬೇಡಿ.

ನಳಿಗೆ ತೆರೆದು, ಹಿಂದೆ ಒಂದು ಬಿಳಿ ಕಾಗದ ಹಿಡಿದು ಒಳಗೆ ನೋಡಿ. ಬ್ರಿಟಿಷ್ ರಿವಾಲ್ವರ್‌ಗಳಲ್ಲಿ ಏಳು ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ಹಳೇ ಗುಂಡುಗಳ ಕ್ಯಾಪಿನಲ್ಲಿದ್ದ ಮಸಾಲೆ ಹೊಡೆದ ಮೇಲೆ ಉಪ್ಪು ಬಿಟ್ಟುಹೋಗುತ್ತಿತ್ತು. ಆ ಉಪ್ಪು ತೇವ ಎಳೆಯುತ್ತದೆ. ನಮ್ಮ ಮಲೆನಾಡಿನ ಮಳೆಗೆ ಕೇಳಬೇಕೇ? ಒಂದು ಸಲ ಹೊಡೆದು ತೊಳೆಯದೆ ಇಟ್ಟಿದ್ದರೆ ಒಳಗೆಲ್ಲ ಕಪ್ಪು ಗುಳಿಗಳು.

ನಂಬರು, ಗುರುತು, ಬಣ್ಣ

ಮೈಯ ಮೇಲಿನ ನಂಬರೂ ಸಿಲಿಂಡರಿನ ನಂಬರೂ ಒಂದೇ ಇರಬೇಕು. ಎನ್‌ಫೀಲ್ಡಿನಲ್ಲಿ ನಳಿಗೆಯ ಮೇಲೂ ಹುಡುಕಿ. ಬೇರೆ ಬೇರೆ ಇದ್ದರೆ ಎರಡು ಮೂರು ರಿವಾಲ್ವರ್ ಸೇರಿಸಿ ಒಂದು ಮಾಡಿದ್ದಾರೆ ಅಂತ ಅರ್ಥ. ಸಂಗ್ರಹಕಾರರಿಗೆ ಇದು ದೊಡ್ಡ ಕೊರತೆ.

ಸೇನೆಯ ಸ್ವತ್ತು ಅನ್ನಲು ಅಗಲ ತಲೆಯ ಬಾಣದ ಗುರುತು ಇರುತ್ತದೆ. ಎರಡು ಬಾಣ ತುದಿಗೆ ತುದಿ ತಾಗಿಸಿ ಹೊಡೆದಿದ್ದರೆ ಸೇನೆ ಅದನ್ನು ಕ್ರಮವಾಗಿ ಮಾರಿದೆ. ಕೇಂದ್ರದ ಒಪ್ಪಿಗೆ ಇದ್ದು .455 ನೋಡುವವರು, ಬಾಣವೇ ಇಲ್ಲದ್ದು ಸಿಕ್ಕರೆ ತಕ್ಷಣ ತಳ್ಳಿಹಾಕಬೇಡಿ. ಆಗಿನ ಅಧಿಕಾರಿಗಳು ಎಷ್ಟೋ ಜನ ತಮ್ಮ ದುಡ್ಡಿನಲ್ಲೇ ರಿವಾಲ್ವರ್ ಕೊಳ್ಳುತ್ತಿದ್ದರು. ಬೊಂಬಾಯಿ, ಕಲ್ಕತ್ತಾದಲ್ಲೂ ಅಂಗಡಿ ಇದ್ದ 'ಆರ್ಮಿ ಅಂಡ್ ನೇವಿ' ಸೊಸೈಟಿಯ ಹೆಸರು ನಳಿಗೆಯ ಮೇಲೆ ಕಂಡರೆ ನನಗಂತೂ ಖುಷಿ. ಅಂಥದ್ದಕ್ಕೆ ಅಧಿಕಾರಿಯ ಹೆಸರಿನ ಕಾಗದವೂ ಇದ್ದರೆ ಬೆಲೆ ಬೇರೆಯೇ. ಬಾಯಿಮಾತಿನ ಕಥೆಯಾದರೆ ಕೇಳಿಕೊಳ್ಳಿ, ಅದಕ್ಕೆ ದುಡ್ಡು ಕೊಡಬೇಡಿ.

ಹೊಳಪು ನೋಡಿ ಮೋಸ ಹೋಗುವವರೇ ಜಾಸ್ತಿ. ಹೊಸದಾಗಿ ಬಣ್ಣ ಕೊಡುವ ಮುಂಚೆ ಉಜ್ಜುತ್ತಾರೆ. ಆಗ ಅಕ್ಷರಗಳ ಅಂಚು ಮೊಂಡಾಗುತ್ತದೆ. ಬಣ್ಣದ ಅಡಿಯಲ್ಲೇ ಗುಳಿಗಳು ಕಂಡರೆ ತುಕ್ಕಿನ ಮೇಲೆ ಬಣ್ಣ ಬಂದಿದೆ ಅಂತ ತಿಳಿಯಿರಿ. ಸವೆದ ಹಳೇ ಬಣ್ಣಕ್ಕೇ ಬೆಲೆ ಜಾಸ್ತಿ. ಯುದ್ಧದ ಅವಸರದಲ್ಲಿ ಮಾಡಿದ ವೆಬ್ಲಿ ಮಾರ್ಕ್ 4 ಮೇಲೆ 'ವಾರ್ ಫಿನಿಶ್' ಅಂತಲೇ ಹೊಡೆದಿರುತ್ತದೆ. ಅದರ ಒರಟುತನ ಹುಟ್ಟಿನಿಂದ ಬಂದಿದ್ದು. ಹಾಗೆಯೇ ಎನ್‌ಫೀಲ್ಡಿನ ಹ್ಯಾಮರಿಗೆ ಹೆಬ್ಬೆರಳಿನ ಕೊಂಬು ಇಲ್ಲದಿದ್ದರೆ ಮುರಿದಿದೆ ಅಂದುಕೊಳ್ಳಬೇಡಿ. ಟ್ಯಾಂಕಿನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ ಅಂತ 1938ರಲ್ಲಿ ಅವರೇ ತೆಗೆದರು. ಯಾರೋ ಆಮೇಲೆ ಬೆಸುಗೆ ಹಾಕಿ ಕೊಂಬು ಕೂರಿಸಿದ್ದರೆ ಅದೇ ದೋಷ.

ಒಂದು ಕೊರೆತದ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಎಷ್ಟೋ .455 ವೆಬ್ಲಿಗಳ ಸಿಲಿಂಡರಿನ ಹಿಂಭಾಗ ಕೆತ್ತಿ .45 ಪಿಸ್ತೂಲಿನ ಗುಂಡು ಕೂರುವಂತೆ ಮಾಡಿದ್ದಾರೆ. ಆ ಗುಂಡಿನ ಒತ್ತಡ ಹಳೇ ವೆಬ್ಲಿಗೆ ತಡೆಯುವುದಲ್ಲ. ಅಂಥದ್ದಕ್ಕೆ ಸಂಗ್ರಹದ ಬೆಲೆಯೂ ಇಲ್ಲ, ಕೈಗೂ ಅಪಾಯ. 'ವಿಕ್ಟರಿ'ಯ ಸಿಲಿಂಡರನ್ನು ಉದ್ದದ .38 ಸ್ಪೆಷಲ್ ಗುಂಡಿಗೆ ಕೊರೆದಿದ್ದರೂ ಅಷ್ಟೇ. ಮೂಲ ತೂತು ಅಗಲ ಇರುವುದರಿಂದ ತೋಟಾ ಉಬ್ಬಿ ಸೀಳುತ್ತದೆ.

ಕಾಗದ

ಮಾರುವವರ ಲೈಸೆನ್ಸಿನಲ್ಲಿ ಬರೆದ ನಂಬರನ್ನು ರಿವಾಲ್ವರ್ ಮೇಲಿನ ನಂಬರಿಗೆ ಅಕ್ಷರ ಅಕ್ಷರ ಹೋಲಿಸಿ. ತೀರಿಕೊಂಡವರದ್ದಾದರೆ ಅದು ಪೊಲೀಸ್ ಠಾಣೆಯಲ್ಲೋ ಡೀಲರ್ ಹತ್ತಿರವೋ ಜಮಾ ಆಗಿರಬೇಕು. ಮನೆಯ ಬೀರುವಿನಲ್ಲೇ ಇದ್ದರೆ "ಮೊದಲು ಜಮಾ ಮಾಡಿ ಗೌಡ್ರೇ, ಆಮೇಲೆ ಮಾತಾಡೋಣ" ಅಂತ ಹೇಳಿ ಎದ್ದು ಬನ್ನಿ. ಲೈಸೆನ್ಸುದಾರರು ತಮ್ಮದನ್ನು ಮಾರುವ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಬರಹದಲ್ಲಿ ತಿಳಿಸಬೇಕು, 45 ದಿನ ಕಾಯಬೇಕು. ನಿಮ್ಮ ಲೈಸೆನ್ಸಿನಲ್ಲೂ ಜಾಗ ಇರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ. ನಿಮ್ಮ ಹೆಸರಿನಲ್ಲಿ ಆಗಲೇ ಎರಡು ಕೋವಿ ಇದ್ದರೆ ಒಂದನ್ನು ಬಿಡಬೇಕಾಗುತ್ತದೆ.

ಮಾವ ಇದ್ಯಾವುದನ್ನೂ ನೋಡದೆ ಅಡ್ವಾನ್ಸ್ ಕೊಟ್ಟಿದ್ದರು. ಆ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ಹೋದ ವರ್ಷ ಬೇರೆ ಕಡೆ ಒಂದು .32 ವೆಬ್ಲಿ ನೋಡಿದರು. ಈ ಸಲ ನನ್ನನ್ನೂ ಕರೆದುಕೊಂಡು ಹೋದರು. ನಂಬರು ಸರಿ, ಕೀಲು ಬಿಗಿ, ನಳಿಗೆ ಚೊಕ್ಕ. ಆದರೆ ಬಲಗಡೆಯ ಮೈ ತುಂಬ ಸಣ್ಣ ಗುಳಿಗಳು. ತೊಗಲಿನ ಚೀಲದಲ್ಲಿ ಹಾಕಿ ಎಷ್ಟೋ ಮಳೆಗಾಲ ಹಾಗೇ ಇಟ್ಟಿದ್ದರು. ತೊಗಲು ತೇವ ಹಿಡಿದು ತಾಗಿದ ಕಡೆಯೆಲ್ಲ ಕಬ್ಬಿಣ ತಿಂದಿತ್ತು. ಅದನ್ನೇ ತೋರಿಸಿ ಬೆಲೆ ಇಳಿಸಿದೆವು. 45 ದಿನ ಕಾದು ತಂದೆವು. ಈಗ ಅದು ಎಣ್ಣೆ ಒರೆಸಿದ ಬಟ್ಟೆಯಲ್ಲಿ, ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ತೊಗಲಿನ ಚೀಲ ಬೇರೆ ಕಪಾಟಿನಲ್ಲಿದೆ.