ಮುಂಬೈ ವಾಂಖೆಡೆ ಮ್ಯಾಚಿನ ರಾತ್ರಿ ಗಾಡಿ ಕೀಲಿ ಎಲ್ಲಿರಬೇಕು?

ಚರ್ಚ್‌ಗೇಟ್ ಹತ್ತಿರದ ಒಂದು ಪರ್ಮಿಟ್ ರೂಮಿನ, ಅಂದರೆ ಬಾರಿನ, ಗಲ್ಲಾದಲ್ಲಿ ಕೂತು ನನಗೆ ಹದಿನೆಂಟು ವರ್ಷ. ಐಪಿಎಲ್ ಬಂತೆಂದರೆ ನಮ್ಮಲ್ಲಿ ಎರಡು ಸಲ ಜನ ತುಂಬುತ್ತಾರೆ. ಟಾಸಿಗೆ ಮುಂಚೆ ಒಮ್ಮೆ, ಮ್ಯಾಚ್ ಮುಗಿದ ಮೇಲೆ ಒಮ್ಮೆ. ಎರಡನೇ ಸಲ ಬಂದವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಅದಕ್ಕೇ ಇದನ್ನು ಮನೆಯಲ್ಲಿರುವಾಗಲೇ ಓದಿ.

ಕುಡಿಯುವ ಯೋಚನೆ ಇದ್ದರೆ ಗಾಡಿ ತರಲೇಬೇಡಿ. ಸ್ಕೂಟರ್ ಕೂಡ. ನನ್ನ ಅಕ್ಕನ ಮಗ "ಬರೀ ಬಿಯರ್ ಅಲ್ವಾ ಮಾವ" ಎಂದು ಹೊರಟವನು ಮರೀನ್ ಡ್ರೈವ್ ದಾಟುವ ಮೊದಲೇ ನಾಕಾಬಂದಿಯಲ್ಲಿ, ಅಂದರೆ ರಸ್ತೆ ತಡೆದು ನಡೆಸುವ ಪೊಲೀಸ್ ತಪಾಸಣೆಯಲ್ಲಿ, ಸಿಕ್ಕಿಬಿದ್ದ.

ಬರೀ ಬಿಯರ್ ಎನ್ನುವವರಿಗೆ ನನ್ನ ಗಲ್ಲಾದ ಲೆಕ್ಕ: 8 ಶೇಕಡಾದ 650 ಮಿಲಿ ಸ್ಟ್ರಾಂಗ್ ಬಾಟಲಿಯಲ್ಲಿ 52 ಮಿಲಿ ಆಲ್ಕೋಹಾಲ್ ಇರುತ್ತದೆ. ಎರಡು ಲಾರ್ಜ್ (60 ಮಿಲಿ) ವಿಸ್ಕಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ಅದು ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಪಾನ್, ಈರುಳ್ಳಿ, ಕಡಕ್ ಚಹಾ ಯಾವುದೂ ಪೊಲೀಸರ ಊದುವ ಮೆಷಿನ್‌ಗೆ ಮೋಸ ಮಾಡುವುದಿಲ್ಲ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ ₹10,000 ದಂಡ, ಅಥವಾ ಎರಡೂ. ರಸ್ತೆಯಲ್ಲೇ ಚಲನ್ ಕಟ್ಟಿ ಮುಗಿಸುವ ವಿಷಯವಲ್ಲ, ಕೋರ್ಟಿಗೆ ಹೋಗಬೇಕು. ಕುಡಿದ ಗೆಳೆಯನಿಗೆ ನಿಮ್ಮ ಗಾಡಿ ಕೊಟ್ಟು ಕಳಿಸಿದರೆ ನಿಮ್ಮ ಮೇಲೂ ಕೇಸು ಬರಬಹುದು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ನಾಕಾಬಂದಿ ಕಂಡ ಕೂಡಲೇ ಗಾಡಿ ತಿರುಗಿಸಬೇಡಿ. ಊದು ಎಂದರೆ ಊದಿ. ಊದಲ್ಲ ಅಂದರೆ, ಅನುಮಾನ ಬಂದ ಪೊಲೀಸರು ವಾರಂಟ್ ಇಲ್ಲದೆಯೇ ಹಿಡಿಯಬಹುದು. "ನಾನು ಯಾರು ಗೊತ್ತಾ" ಎಂಬ ಮಾತು ಬಾಯಲ್ಲೇ ಇರಲಿ.

ಇನ್ನು ಮನೆಗೆ ಹೋಗುವ ದಾರಿ. 7.30ರ ಮ್ಯಾಚ್ ಮುಗಿಯುವಾಗ ಸುಮಾರು 11.30 ಆಗಿರುತ್ತದೆ. ಮರೀನ್ ಲೈನ್ಸ್ ಸ್ಟೇಷನ್ ಕಡೆ ನಡೆಯಬೇಡಿ, ಚರ್ಚ್‌ಗೇಟಿನಲ್ಲೇ ಹತ್ತಿ. ಲೋಕಲ್ ರೈಲು ಅಲ್ಲಿಂದಲೇ ಹೊರಡುವುದು, ಸೀಟು ಸಿಕ್ಕೀತು. ಬೊರಿವಲಿ ಕಡೆಯವರಿಗೆ 1 ಗಂಟೆ ಸುಮಾರಿನವರೆಗೂ ಲೋಕಲ್ ಇರುತ್ತದೆ. ಡೊಂಬಿವಲಿ, ಥಾಣೆಯ ನಮ್ಮವರಿಗೆ ಮಾತ್ರ ಕಷ್ಟ. ದಾದರಿನಲ್ಲಿ ಬದಲಾಯಿಸಬೇಕು, 12 ದಾಟಿದರೆ ಅಲ್ಲಿ ಬೆರಳೆಣಿಕೆಯ ರೈಲು. ಸೂಪರ್ ಓವರ್ ಬಂದರೂ ಸರಿ, ಎದ್ದು ಹೊರಡಿ. ಆಟೋ ನಂಬಿಕೊಳ್ಳಬೇಡಿ. ಬಾಂದ್ರಾ, ಸಾಯನ್‌ನಿಂದ ಈಚೆಗೆ ಅದು ಬರುವುದಿಲ್ಲ, ಕಾಳಿ-ಪೀಲಿ (ಕಪ್ಪು-ಹಳದಿ ಟ್ಯಾಕ್ಸಿ)ಯೇ ಗತಿ.

ಗಾಡಿ ತಂದೇಬಿಟ್ಟಿದ್ದರೆ? ಮೊದಲ ಗ್ಲಾಸಿಗೆ ಮುಂಚೆ ಕೀಲಿ ನನಗೆ ಕೊಡಿ. ಗಲ್ಲಾದ ಹಿಂದೆ ಒಂದು ಮೊಳೆ ಇದೆ, ಅಲ್ಲಿ ತೂಗುಹಾಕುತ್ತೇನೆ. ನಡುರಾತ್ರಿ ಬೈದರೂ ಕೊಡುವುದಿಲ್ಲ. ಮರುದಿನ ಮಧ್ಯಾಹ್ನ ಬನ್ನಿ. ಪಾರ್ಕಿಂಗ್ ದುಡ್ಡು ನಿಮ್ಮದೇ.