ಪಿಕೆಜಿಬಿಲ್ಡ್ ಬರೆಯುವಾಗ ಮೊದಲು ಉದ್ಧರಣ ಚಿಹ್ನೆ ನೋಡಿ

ಆರ್ಚ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಪಿಕೆಜಿಬಿಲ್ಡ್ ಎಂದರೆ ತಂತ್ರಾಂಶದ ಪ್ಯಾಕೇಜ್ ಕಟ್ಟುವ ಬಗೆ ಹೇಳುವ ಒಂದು ಬ್ಯಾಶ್ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ. ಮೇಕ್‌ಪಿಕೆಜಿ ಎಂಬ ಸಾಧನ ಅದನ್ನು ಓದಿ, ಮೂಲ ಕಡತಗಳನ್ನು ಇಳಿಸಿಕೊಂಡು ಪ್ಯಾಕೇಜ್ ಕಟ್ಟುತ್ತದೆ. ಶಿರಸಿಯಲ್ಲಿ ಕುಳಿತು ನಾನು ಕನ್ನಡ ಫಾಂಟ್‌ಗಳಿಗೆ ಇಂಥ ಸ್ಕ್ರಿಪ್ಟ್ ಬರೆಯುತ್ತೇನೆ. ಕುಮಟಾ, ಯಲ್ಲಾಪುರದ ಹುಡುಗರು ಬರೆದದ್ದನ್ನು ತಿದ್ದಿಕೊಡುತ್ತೇನೆ. ಯಾರದೇ ಆಗಲಿ, ನನ್ನ ಕಣ್ಣು ಮೊದಲು ಹೋಗುವುದು ಪಿಕೆಜಿಡಿರ್ (ಪ್ಯಾಕೇಜಿಗೆ ಸೇರುವ ಕಡತಗಳ ಫೋಲ್ಡರ್‌ನ ದಾರಿ) ಮತ್ತು ಎಸ್‌ಆರ್‌ಸಿಡಿರ್ (ಮೂಲ ಕಡತಗಳ ಫೋಲ್ಡರ್‌ನ ದಾರಿ) ಎಂಬ ವೇರಿಯಬಲ್‌ಗಳ ಕಡೆಗೆ. ಇವೆರಡನ್ನೂ ಎಲ್ಲಿ ಬಳಸಿದರೂ ಜೋಡಿ ಉದ್ಧರಣ ಚಿಹ್ನೆಯೊಳಗೇ ಇಡಿ.

ಕಾರಣ ಹೇಳುತ್ತೇನೆ. ಯಾರೋ ಒಬ್ಬರು ತಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ‘ಅಡಿಕೆ ಲೆಕ್ಕ’ ಎಂಬ ಫೋಲ್ಡರ್ ಒಳಗೆ ನಿಮ್ಮ ಸ್ಕ್ರಿಪ್ಟ್ ಓಡಿಸುತ್ತಾರೆ ಎನ್ನಿ. ಪಕ್ಕದಲ್ಲೇ ‘ಅಡಿಕೆ’ ಎಂಬ ಇನ್ನೊಂದು ಫೋಲ್ಡರ್ ಇದೆ. ಬೇಡದ ಕಡತ ತೆಗೆಯಲು ನೀವು ಆರ್‌ಎಂ ಆಜ್ಞೆಯನ್ನು ಆರ್‌ಎಫ್ ಆಯ್ಕೆಗಳೊಡನೆ ಕೊಟ್ಟು, ಮುಂದೆ ಪಿಕೆಜಿಡಿರ್ ಅನ್ನು ಚಿಹ್ನೆಯಿಲ್ಲದೆ ಬರೆದಿದ್ದೀರಿ. ಬ್ಯಾಶ್ ಆ ದಾರಿಯನ್ನು ಖಾಲಿ ಜಾಗದಲ್ಲಿ ಎರಡಾಗಿ ಒಡೆಯುತ್ತದೆ. ಅಳಿಸಿಹೋಗುವುದು ಪಕ್ಕದ ‘ಅಡಿಕೆ’. ಪ್ಯಾಕೇಜ್ ಕಟ್ಟುವಾಗ ನಿರ್ವಾಹಕರ ಅಧಿಕಾರ ಇದ್ದಂತೆ ನಟಿಸುವ ಫೇಕ್‌ರೂಟ್ ಇದನ್ನು ತಡೆಯುವುದಿಲ್ಲ, ಆ ಕಡತಗಳು ಬಳಕೆದಾರರದ್ದೇ ಆಗಿರುತ್ತವಲ್ಲ.

ನೀವೇ ಹುಟ್ಟಿಸಿದ ವೇರಿಯಬಲ್ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗಲಿ. ಆಗ ಅದು ಮೇಕ್‌ಪಿಕೆಜಿಯ ಹೆಸರುಗಳೊಂದಿಗೆ ಗಂಟು ಬೀಳುವುದಿಲ್ಲ. ಪ್ಯಾಕೇಜ್ ಹೆಸರು ಸಣ್ಣ ಅಕ್ಷರಗಳಲ್ಲಿರಲಿ. ಆವೃತ್ತಿಯಲ್ಲಿ ಅಡ್ಡಗೆರೆ (ಹೈಫನ್) ನಡೆಯದು, ಬದಲಿಗೆ ಅಂಡರ್‌ಸ್ಕೋರ್ ಹಾಕಿ. ಹೊಸ ಆವೃತ್ತಿ ಬಂದಾಗ ಪಿಕೆಜಿರೆಲ್, ಅಂದರೆ ಅದೇ ಆವೃತ್ತಿಯನ್ನು ಎಷ್ಟನೇ ಸಲ ಕಟ್ಟಿದ್ದು ಎಂಬ ಸಂಖ್ಯೆ, ಮತ್ತೆ 1 ಆಗಬೇಕು. ಸ್ಕ್ರಿಪ್ಟ್ ಮಾತ್ರ ತಿದ್ದಿದ್ದರೆ ಒಂದು ಏರಿಸಿದರೆ ಸಾಕು. ವಿವರಣೆ 80 ಅಕ್ಷರಗಳ ಆಸುಪಾಸಿನಲ್ಲಿರಲಿ, ಅದರಲ್ಲಿ ಪ್ಯಾಕೇಜ್ ಹೆಸರನ್ನೇ ಮತ್ತೆ ಹೇಳಬೇಡಿ.

ಫಾಂಟ್‌ಗೆ ಬರೆಯುವವರಿಗೆ ಇನ್ನೆರಡು ಮಾತು. ಪ್ರೊಸೆಸರ್ ಬಗೆ ಹೇಳುವ ‘ಆರ್ಚ್’ ಎಂಬ ವೇರಿಯಬಲ್‌ನಲ್ಲಿ ‘ಎನಿ’ ಎಂದಿರಲಿ, ಫಾಂಟ್ ಕಡತಕ್ಕೆ ಪ್ರೊಸೆಸರ್‌ನ ಹಂಗಿಲ್ಲ. ಓಎಫ್‌ಎಲ್ ಎಂಬ ಮುಕ್ತ ಫಾಂಟ್ ಪರವಾನಗಿಯ ಕಡತವನ್ನು ಯುಎಸ್‌ಆರ್ ಒಳಗಿನ ಶೇರ್, ಅದರೊಳಗಿನ ಲೈಸೆನ್ಸಸ್ ಫೋಲ್ಡರ್‌ನಲ್ಲಿ ಪ್ಯಾಕೇಜ್ ಹೆಸರಿನಡಿ 644 ಅನುಮತಿಯೊಂದಿಗೆ (ಎಲ್ಲರೂ ಓದಬಹುದು, ಒಡೆಯರು ಮಾತ್ರ ತಿದ್ದಬಹುದು) ಇಡಿ. ಹಕ್ಕುಸ್ವಾಮ್ಯದ ಸಾಲು ಒಂದೊಂದು ಫಾಂಟ್‌ಗೂ ಬೇರೆ. ಅಕ್ಷರ ಕೆತ್ತಿದವರ ಹೆಸರು ಉಳಿಯುವುದು ಆ ಸಾಲಿನಲ್ಲೇ, ಇದನ್ನು ಬಿಟ್ಟ ಸ್ಕ್ರಿಪ್ಟನ್ನು ನಾನು ಒಪ್ಪುವುದಿಲ್ಲ.

ಚೆಕ್‌ಸಮ್, ಅಂದರೆ ಇಳಿದ ಕಡತ ಸರಿಯಿದೆಯೇ ಎಂದು ತಾಳೆ ನೋಡುವ ಮೊತ್ತದ ವಿಷಯದಲ್ಲಿ ಅವಸರ ಬೇಡ. ಮಳೆಗಾಲದಲ್ಲಿ ನಮ್ಮ ಘಟ್ಟದ ಮೇಲೆ ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ, ಕಡತ ಅರೆಬರೆ ಇಳಿದಿರಬಹುದು. ಮೊತ್ತ ತಾಳೆಯಾಗದಿದ್ದರೆ ಆ ಕಡತ ಅಳಿಸಿ ಮತ್ತೊಮ್ಮೆ ಇಳಿಸಿ. ಆಗಲೂ ತಾಳೆಯಾಗದಿದ್ದರೆ ಮೂಲ ಲೇಖಕರನ್ನು ಕೇಳಿ. ಅಪ್‌ಡ್‌ಪಿಕೆಜಿಸಮ್ಸ್ ಆಜ್ಞೆ ಓಡಿಸಿ ಹೊಸ ಮೊತ್ತ ತುಂಬಿಬಿಟ್ಟರೆ, ನಡುವೆ ಯಾರೋ ಕಡತ ಬದಲಿಸಿದ್ದರೂ ನಿಮಗೆ ತಿಳಿಯುವುದಿಲ್ಲ.

ಕೊನೆಗೆ ತಪ್ಪು ಹುಡುಕುವ ನ್ಯಾಮ್‌ಕ್ಯಾಪ್ ಓಡಿಸಿ: ಸ್ಕ್ರಿಪ್ಟ್ ಮೇಲೆ ಒಮ್ಮೆ, ಕಟ್ಟಿದ ಪ್ಯಾಕೇಜ್ ಮೇಲೆ ಒಮ್ಮೆ. ಆಮೇಲೆ ಡೆವ್‌ಟೂಲ್ಸ್ ಎಂಬ ಸಾಧನಗಳನ್ನು ಬಳಸಿ ಖಾಲಿ ಕ್ರೂಟ್‌ನಲ್ಲಿ, ಅಂದರೆ ನಿಮ್ಮ ವ್ಯವಸ್ಥೆಯಿಂದ ಬೇರ್ಪಟ್ಟ ಹೊಸ ಆರ್ಚ್ ಪರಿಸರದಲ್ಲಿ ಕಟ್ಟಿ ನೋಡಿ. ನಿಮ್ಮ ಯಂತ್ರದಲ್ಲಿ ಮೊದಲೇ ಇದ್ದುದರಿಂದ ಬರೆಯಲು ಬಿಟ್ಟುಹೋದ ಅವಲಂಬನೆ (ಬೇಕಾದ ಬೇರೆ ಪ್ಯಾಕೇಜ್) ಅಲ್ಲಿ ಸಿಕ್ಕಿಬೀಳುತ್ತದೆ.