ಮಗು ಜೊತೆಗಿದ್ದರೆ ಬ್ಯಾಗ್ ಹಿಂದಿನ ಸೀಟಿಗೆ

ಮಗುವನ್ನು ಕಾರಿನ ಹಿಂದಿನ ಸೀಟಲ್ಲಿ ಕೂರಿಸಿದ ಕೂಡಲೇ ನಿಮ್ಮ ಬ್ಯಾಗ್, ಐಡಿ ಕಾರ್ಡ್, ಫೋನ್ ಮೂರನ್ನೂ ಅಲ್ಲೇ ಪಕ್ಕದಲ್ಲಿಡಿ. ಇಳಿದ ಮೇಲೆ ಇವಿಲ್ಲದೆ ಆಫೀಸಿಗೆ ಹೋಗುವ ಹಾಗಿಲ್ಲ, ಹಿಂದಿನ ಬಾಗಿಲು ತೆಗೆಯಲೇಬೇಕು. ಮಗು ನಿದ್ದೆ ಹೋಗಿರುತ್ತದೆ, ನಾವು ದಿನದ ದಾರಿಯಲ್ಲಿ ಸುಮ್ನೆ ಅಭ್ಯಾಸದಿಂದ ಓಡಿಸುತ್ತಿರುತ್ತೇವೆ, ಆಗ ಎಷ್ಟೇ ಕಾಳಜಿ ಇರುವ ಅಪ್ಪ ಅಮ್ಮನಿಗೂ ಮಗು ಹಿಂದೆ ಇರುವುದೇ ಮರೆತು, ಅದನ್ನು ಕಾರಲ್ಲೇ ಬಿಟ್ಟು ಹೋಗಿಬಿಡಬಹುದು. ಬಿಸಿಲಲ್ಲಿ ನಿಂತ ಕಾರಿನೊಳಗೆ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಸೆಲ್ಸಿಯಸ್ ಶಾಖ ಏರುತ್ತದೆ, ಕಿಟಕಿ ಚೂರು ಇಳಿಸಿಟ್ಟರೂ ಅಷ್ಟೇ. ಮಕ್ಕಳ ಮೈ ನಮಗಿಂತ ಬೇಗ ಕಾಯುತ್ತದೆ ಬೇರೆ. ಆದರೆ ಮನೆ ಮುಂದೆ ನಿಲ್ಲಿಸಿದ ಕಾರಿಗೆ ಮಕ್ಕಳೇ ಆಟಕ್ಕೆ ಹತ್ತಿಕೊಂಡರೆ ಈ ಉಪಾಯ ಕೆಲಸಕ್ಕೆ ಬರಲ್ಲ. ಅದಕ್ಕೆ ಕಾರನ್ನು ಯಾವಾಗಲೂ ಲಾಕ್ ಮಾಡಿ, ಕೀಲಿ ಅವರ ಕೈಗೆ ಸಿಗದಷ್ಟು ಮೇಲಿಡಿ. ಮಗು ಕಾಣಿಸದಿದ್ದರೆ ಕಾರಿನೊಳಗೆ, ಡಿಕ್ಕಿಯೊಳಗೂ ಮೊದಲೇ ನೋಡಿ.